ಇಟ್ಟಿಗೆ ಹೋಗಿ ಬ್ಲಾಕ್ ಬಂತು, ಮುಂಗಡ ಹೋಯಿತೇ?

ಒಂದು ಹೊಸ ಸುಳ್ಳು ಈಗ ಊರೂರಲ್ಲಿ ಚಲಾವಣೆಯಾಗುತ್ತಿದೆ. "ಇಟ್ಟಿಗೆ ಗೂಡಿನ ಕಾಲ ಮುಗೀತು. ಈಗ ಎಲ್ಲಾ ಕಡೆ ಸಿಮೆಂಟ್ ಬ್ಲಾಕ್. ಮೆಷಿನ್ ಒತ್ತುತ್ತೆ, ಲಾರಿ ಹೊರುತ್ತೆ. ಇನ್ನೆಲ್ಲಿದೆ ನಿಮ್ಮ ಜೀತ?" ಹೀಗೆ ಕೇಳುವವರಲ್ಲಿ ತಾಲ್ಲೂಕು ಆಫೀಸಿನ ಸಾಹೇಬರಿದ್ದಾರೆ, ಕಂಟ್ರಾಕ್ಟರುಗಳಿದ್ದಾರೆ, ನಮ್ಮ ಕೇರಿಯಲ್ಲೇ ಹುಟ್ಟಿ ಪಟ್ಟಣದಲ್ಲಿ ಎರಡಂತಸ್ತು ಎತ್ತಿಸಿದ ನಮ್ಮವರೂ ಇದ್ದಾರೆ.

ಈ ಮಾತಿಗೆ ಉತ್ತರ ಕೊಡಲೇಬೇಕು. ಯಾಕಂದ್ರೆ ಇದನ್ನು ಸುಮ್ಮನೆ ಒಪ್ಪಿಕೊಂಡರೆ, ನಾಳೆ ಯಾವುದೋ ಗೂಡಿನಿಂದ ಒಂದು ಸಂಸಾರ ರಾತ್ರೋರಾತ್ರಿ ಓಡಿಬಂದು ನಮ್ಮ ಬಾಗಿಲು ತಟ್ಟಿದಾಗ "ಜೀತ ಎಲ್ಲಿದೆಯಪ್ಪ ಈಗ" ಅಂತ ನಾವೇ ಕೇಳಬೇಕಾಗುತ್ತದೆ.

ನಾವು ಹೇಳುವುದು ಇಷ್ಟು: ಗೋಡೆಯ ಹೊಟ್ಟೆಯೊಳಗಿನ ಸಾಮಾನು ಬದಲಾಗಿದೆ. ಮಣ್ಣು ಹೋಗಿ ಕಲ್ಲುಪುಡಿ ಬಂದಿದೆ. ಗೋಡೆಯ ಕೆಳಗಿರುವ ಸಾಲ ಮಾತ್ರ ಹಾಗೇ ಇದೆ. ಆ ಸಾಲ ಹೊತ್ತಿರುವ ತಲೆಗಳೂ ಅವೇ ಇವೆ.

ಮೊದಲು ಇಟ್ಟಿಗೆಯ ಲೆಕ್ಕ

ಗೂಡುಗಳೇನೂ ಮುಗಿದಿಲ್ಲ. ಮಾಲೂರಿನ ಕಡೆ ಹೋಗಿ ನೋಡಿ, ಹೊಗೆ ಇನ್ನೂ ಏಳುತ್ತಿದೆ. ಆದ್ದರಿಂದ ಇಟ್ಟಿಗೆಯಿಂದಲೇ ಲೆಕ್ಕ ಶುರು ಮಾಡೋಣ. ಈ ಲೆಕ್ಕಕ್ಕೆ ದೊಡ್ಡ ಓದು ಬೇಕಿಲ್ಲ, ಕೂಡೋದು ಕಳೆಯೋದು ಬಂದರೆ ಸಾಕು.

ಸರ್ಕಾರ ಗೊತ್ತು ಮಾಡಿದ ಅಳತೆಯ ಇಟ್ಟಿಗೆ 19 ಸೆಂಟಿಮೀಟರ್ ಉದ್ದ, 9 ಅಗಲ, 9 ಎತ್ತರ. ಸುಟ್ಟ ಮೇಲೆ ತೂಕ ಹೆಚ್ಚು ಕಡಿಮೆ 3 ಕೆ.ಜಿ. ಗಾರೆ ಸೇರಿ ಒಂದು ಘನ ಮೀಟರ್ ಗೋಡೆ ಏಳಬೇಕಾದರೆ 500 ಇಟ್ಟಿಗೆ ಬೇಕು.

2016ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಡವನ ಮನೆಗೆ ಗೊತ್ತು ಮಾಡಿದ ಕನಿಷ್ಠ ಜಾಗ 25 ಚದರ ಮೀಟರ್. ಐದು ಮೀಟರ್‌ಗೆ ಐದು ಮೀಟರ್ ಮನೆ, ನಡುವೆ ಒಂದು ಅಡ್ಡಗೋಡೆ ಅಂತ ಇಟ್ಟುಕೊಳ್ಳಿ. ಮೂರು ಮೀಟರ್ ಎತ್ತರ. ಬಾಗಿಲು ಕಿಟಕಿ ಕಳೆದರೆ ಸುಮಾರು 65 ಚದರ ಮೀಟರ್ ಗೋಡೆ. ಒಂದು ಇಟ್ಟಿಗೆ ದಪ್ಪಕ್ಕೆ ಕಟ್ಟಿದರೆ 13 ಘನ ಮೀಟರ್. ಅಂದರೆ 6,500 ಇಟ್ಟಿಗೆ.

ಈಗ ಗೂಡಿಗೆ ಬನ್ನಿ. ಗಂಡ ಮಣ್ಣು ಕಲಸುತ್ತಾನೆ, ಹೆಂಡತಿ ಉಂಡೆ ಕಟ್ಟಿ ಅಚ್ಚಿಗೆ ಬಡಿಯುತ್ತಾಳೆ, ಸ್ಕೂಲಲ್ಲಿರಬೇಕಾದ ಮಗು ಹಸಿ ಇಟ್ಟಿಗೆ ಮಗ್ಗುಲು ಮಗುಚಿ ಒಣಗಿಸುತ್ತದೆ. ಮೂರು ಜನ ಸೇರಿ ದಿನಕ್ಕೆ ಒಂದು ಸಾವಿರ ಇಟ್ಟಿಗೆ ಹಾಕಿದರು ಅನ್ನಿ. ಆರೂವರೆ ದಿನಕ್ಕೆ ಒಂದು ಮನೆಯ ಇಟ್ಟಿಗೆ ಆಯಿತು. ಮಳೆ ನಿಂತ ಮೇಲೆ ಕೂತರೆ ಮುಂಗಾರು ಬರುವ ತನಕ ಹಂಗಾಮು. ಅದರಲ್ಲಿ 150 ದಿನ ಕೆಲಸ ಸಿಕ್ಕಿತು ಅಂದರೆ 1,50,000 ಇಟ್ಟಿಗೆ. 23 ಮನೆ ಎದ್ದು ನಿಲ್ಲುವಷ್ಟು.

ಒಂದೇ ಹಂಗಾಮಿನಲ್ಲಿ 23 ಮನೆಗೆ ಇಟ್ಟಿಗೆ ಹಾಕಿದ ಈ ಸಂಸಾರ ಮಲಗುವುದೆಲ್ಲಿ? ಅದೇ ಗೂಡಿನ ಪಕ್ಕದಲ್ಲಿ, ಗಾರೆ ಇಲ್ಲದೆ ಇಟ್ಟಿಗೆ ಜೋಡಿಸಿ ಮೇಲೆ ತಗಡೋ ಪ್ಲಾಸ್ಟಿಕ್ಕೋ ಹೊದಿಸಿದ ಗೂಡಿನೊಳಗೆ. ಬಗ್ಗಿ ಒಳಗೆ ಹೋಗಬೇಕು, ಬಗ್ಗಿಯೇ ಹೊರಗೆ ಬರಬೇಕು. ಹಂಗಾಮು ಮುಗಿದಾಗ ಅದನ್ನೂ ಬಿಚ್ಚಿ ಲಾರಿಗೆ ತುಂಬುತ್ತಾರೆ, ಯಾಕಂದ್ರೆ ಆ ಇಟ್ಟಿಗೆಯೂ ಮಾಲೀಕನದೇ.

ಇಟ್ಟಿಗೆಯ ಬೆನ್ನ ಮೇಲೆ ಒಂದು ತಗ್ಗು ಇರುತ್ತದೆ, ನೋಡಿರುತ್ತೀರಿ. ಅದರೊಳಗೆ ಎರಡು ಮೂರು ಅಕ್ಷರ ಒತ್ತಿರುತ್ತಾರೆ. ಅದು ಮಾಲೀಕನ ಹೆಸರೋ, ಅವನ ಮಗನ ಹೆಸರೋ, ಅವನ ಮನೆದೇವರ ಹೆಸರೋ ಆಗಿರುತ್ತದೆ. ಆ ಇಟ್ಟಿಗೆ ಹಾಕಿದವಳ ಹೆಸರು ಇಟ್ಟಿಗೆಯ ಮೇಲೂ ಇಲ್ಲ, ಹಾಜರಿ ಪುಸ್ತಕದಲ್ಲೂ ಇಲ್ಲ. ಕೂಲಿ ಸಾವಿರಕ್ಕೆ ಇಷ್ಟು ಅಂತ, ಅದೂ ಜೋಡಿ ಲೆಕ್ಕ. ದುಡ್ಡು ಗಂಡನ ಹೆಸರಿಗೆ ಬರೆದರೆ ಹೆಂಡತಿ ದುಡಿದೇ ಇಲ್ಲ ಅಂತ ಆಯಿತು. ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ ಅಂತ 1976ರಲ್ಲಿ ಕಾನೂನು ಮಾಡಿದ ದೇಶ ಇದು. ಸಮಾನ ಕೂಲಿಯ ಮಾತು ಹಾಗಿರಲಿ, ಅವಳಿಗೆ ಕೂಲಿಯ ಹೆಸರೇ ಇಲ್ಲ.

ಅಕಾಲಕ್ಕೆ ಒಂದು ಮಳೆ ಹೊಡೆದರೆ ಒಣಗಲು ಇಟ್ಟ ಹಸಿ ಇಟ್ಟಿಗೆ ಕರಗಿ ಮತ್ತೆ ಮಣ್ಣಾಗುತ್ತದೆ. ಆ ದಿನದ ದುಡಿಮೆ ಯಾರ ತಲೆಗೆ? ಹಾಕಿದವರ ತಲೆಗೆ. ಒಡೆದದ್ದಕ್ಕೆ ಅಂತ ಸಾವಿರದ ಮೇಲೆ ಇನ್ನಷ್ಟು ಬಿಟ್ಟಿ ಹಾಕಿಸಿಕೊಳ್ಳುವ ಗೂಡುಗಳಿವೆ. ಬಿಸಿಲು ಬಂದರೆ ಲಾಭ ಮಾಲೀಕನಿಗೆ, ಮಳೆ ಬಂದರೆ ನಷ್ಟ ಕೂಲಿಗೆ. ದೇವರು ಕೂಡ ಗೂಡಿನ ಮಾಲೀಕನ ಪಾಲುದಾರ ಅಂತ ಕಾಣುತ್ತೆ!

ಮುಂಗಡವೇ ಸರಪಳಿ

ಇದಕ್ಕೆಲ್ಲ ಒಪ್ಪಿ ಯಾಕೆ ಹೋಗುತ್ತಾರೆ ಅಂತ ಕೇಳುವ ಜಾಣರಿದ್ದಾರೆ. ಯಾರೂ ಒಪ್ಪಿ ಹೋಗುವುದಿಲ್ಲ ಸ್ವಾಮಿ, ಸಾಲ ಎಳೆದುಕೊಂಡು ಹೋಗುತ್ತದೆ. ಕೈಯಲ್ಲಿ ಕೆಲಸ ಇಲ್ಲದ ತಿಂಗಳು ನೋಡಿ ಮೇಸ್ತ್ರಿ ಕೇರಿಗೆ ಬರುತ್ತಾನೆ. ಮದುವೆ ಇರುತ್ತದೆ, ಆಸ್ಪತ್ರೆ ಖರ್ಚು ಇರುತ್ತದೆ, ಹಬ್ಬ ಇರುತ್ತದೆ. ಜೋಡಿಗೆ ಇಷ್ಟು ಅಂತ ಮುಂಗಡ ಎಣಿಸುತ್ತಾನೆ. ಆಮೇಲೆ ಗೂಡಿನಲ್ಲಿ ವಾರ ವಾರ ಅಕ್ಕಿ ಬೇಳೆಗೆ ಅಂತ ಒಂದಿಷ್ಟು ಕೊಡುತ್ತಾರೆ. ಹಂಗಾಮಿನ ಕೊನೆಗೆ ಲೆಕ್ಕ. ಲೆಕ್ಕದ ಪುಸ್ತಕ ಯಾರ ಹತ್ತಿರ? ಮಾಲೀಕನ ಹತ್ತಿರ. ಬಾಕಿ ಯಾರ ಮೇಲೆ? ನಮ್ಮ ಮೇಲೆ. ಬಾಕಿ ತೀರಿಸಲು ಮುಂದಿನ ವರ್ಷ ಮತ್ತೆ ಅದೇ ಗೂಡು.

"ನಾವೇನು ಕಾಲಿಗೆ ಸರಪಳಿ ಹಾಕಿದ್ದೀವಾ?" ಇದು ಮಾಲೀಕರು ಯಾವಾಗಲೂ ಕೇಳುವ ಪ್ರಶ್ನೆ. ಹಾಕಿದ್ದೂ ಉಂಟು. 2000ದಲ್ಲಿ ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಕ್ವಾರಿಯಲ್ಲಿ ಕಾಲಿಗೆ ಸರಪಳಿ ಬಿಗಿದಿದ್ದ ಕೂಲಿಗಳನ್ನು ರೈತ ಸಂಘದವರು ಹೋಗಿ ಬಿಡಿಸಿದರು. 2013ರ ಡಿಸೆಂಬರ್‌ನಲ್ಲಿ ಒಡಿಶಾದ ಕಾಳಾಹಂಡಿಯ ಇಬ್ಬರು ಕೂಲಿಗಳ ಬಲಗೈಯನ್ನು ಮುಂಗಡದ ಜಗಳದಲ್ಲಿ ಕೂಲಿ ಏಜೆಂಟರು ಕಡಿದುಹಾಕಿದರು. ಕೈ ಕಡಿದರೆ ಪೇಪರಿನಲ್ಲಿ ಬರುತ್ತದೆ. ಮುಂಗಡದಿಂದ ಕೈ ಕಟ್ಟಿಹಾಕಿದರೆ ಅದಕ್ಕೆ "ಉದ್ಯೋಗ" ಅಂತ ಹೆಸರು.

ಕಾನೂನು ಸರಪಳಿ ಕೇಳುವುದಿಲ್ಲ, ಇದನ್ನು ಪ್ರತಿಯೊಬ್ಬ ಕಾರ್ಯಕರ್ತ ಬಾಯಿಪಾಠ ಮಾಡಿಕೊಳ್ಳಬೇಕು. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆ ಪ್ರಕಾರ ಜೀತದ ಸಾಲ ಸತ್ತುಹೋದ ಸಾಲ. ಅದನ್ನು ವಸೂಲಿ ಮಾಡುವುದೇ ಅಪರಾಧ. ಸಾಲ ಜೀತದ್ದಲ್ಲ ಅಂತ ರುಜುವಾತು ಮಾಡುವ ಹೊರೆ ಸಾಲ ಕೊಟ್ಟವನ ಮೇಲಿದೆ, ಕೂಲಿಯ ಮೇಲಿಲ್ಲ. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಸ್ಟೇಡಿಯಂ, ಮೇಲ್ಸೇತುವೆ ಕಟ್ಟಿದ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ ತೀರ್ಪು ಕೊಟ್ಟಿತು. ಹೊಟ್ಟೆಯ ಹಸಿವು ಕೂಡ ಬಲವಂತವೇ ಅಂತ ಒಪ್ಪಿಕೊಂಡ ತೀರ್ಪು ಅದು. ದುಡಿದವರು ನಮ್ಮ ಜಾತಿಯವರಾಗಿದ್ದು ದುಡಿಸಿಕೊಂಡವನು ಪರಿಶಿಷ್ಟನಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯಿದೆಯೂ ಬರುತ್ತದೆ.

ಇಷ್ಟು ಕಾನೂನು ಇದ್ದೂ ಏನಾಯ್ತು? 1976ರ ಕಾಯಿದೆಯಲ್ಲಿ ಜೀತ ಇಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಅರ್ಧ ಶತಮಾನವಾದರೂ ಆ ಎರಡು ಸಾವಿರ ಎರಡು ಸಾವಿರವಾಗೇ ಇದೆ. ಒಂದು ಸಂಸಾರವನ್ನು ಹಂಗಾಮು ಪೂರ್ತಿ ಕೊಂಡುಕೊಂಡವನ ದಂಡದಲ್ಲಿ ಇವತ್ತು ಕೆಲವು ನೂರು ಇಟ್ಟಿಗೆ ಬರಬಹುದು. ಬಿಡುಗಡೆಯಾದವರಿಗೆ ಪುನರ್ವಸತಿ ಅಂತ 2016ರಲ್ಲಿ ಒಂದು ಯೋಜನೆ ಮಾಡಿದರು. ಗಂಡಸಿಗೆ 1 ಲಕ್ಷ, ಹೆಂಗಸು ಮಕ್ಕಳಿಗೆ 2 ಲಕ್ಷ, ಘೋರ ಪ್ರಕರಣಕ್ಕೆ 3 ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ತಕ್ಷಣ ಕೈಗೆ ಸಿಗುವುದು ಅದರಲ್ಲಿ ಒಂದು ಸಣ್ಣ ಪಾಲು. ಪೂರ್ತಿ ದುಡ್ಡಿಗೂ ಮಾಲೀಕನಿಗೆ ಶಿಕ್ಷೆ ಆಗುವುದಕ್ಕೂ ಗಂಟು ಹಾಕಿದರು. ಮಾಲೀಕ ತಪ್ಪಿಸಿಕೊಂಡರೆ ಕೂಲಿಯ ಪಾಲೂ ತಪ್ಪಿತು. ಪೊಲೀಸಿನವನು ಕೇಸು ಕೆಡಿಸಿದ್ದಕ್ಕೆ ಶಿಕ್ಷೆ ಜೀತದಾಳಿಗೆ!

ಬ್ಲಾಕಿನ ಹೊಟ್ಟೆಯಲ್ಲಿ ಏನಿದೆ?

ಈಗ ಬ್ಲಾಕಿಗೆ ಬರೋಣ. ಬ್ಲಾಕು ಆಕಾಶದಿಂದ ಬೀಳುವುದಿಲ್ಲ. ಸಿಮೆಂಟು, ಸಣ್ಣ ಜಲ್ಲಿ, ಕಲ್ಲುಪುಡಿ, ನೀರು ಸೇರಿಸಿ ಅಚ್ಚಿನಲ್ಲಿ ಅದುಮಿದರೆ ಬ್ಲಾಕು. ಜಲ್ಲಿ ಎಲ್ಲಿಂದ? ಕ್ರಷರಿನಿಂದ. ಕ್ರಷರಿಗೆ ಕಲ್ಲು ಎಲ್ಲಿಂದ? ಕ್ವಾರಿಯಿಂದ. ಹಂಗರಹಳ್ಳಿಯ ಸರಪಳಿ ಇದ್ದದ್ದು ಇಟ್ಟಿಗೆ ಗೂಡಿನಲ್ಲಲ್ಲ, ಕಲ್ಲುಕ್ವಾರಿಯಲ್ಲಿ ಅನ್ನುವುದನ್ನು ಮರೆಯಬೇಡಿ. 1983ರಲ್ಲಿ ಸುಪ್ರೀಂ ಕೋರ್ಟು ಜೀತದ ಬಗ್ಗೆ ದೊಡ್ಡ ತೀರ್ಪು ಕೊಟ್ಟದ್ದೂ ಹರಿಯಾಣದ ಫರೀದಾಬಾದಿನ ಕಲ್ಲುಕ್ವಾರಿಗಳ ವಿಷಯದಲ್ಲೇ.

ನಮ್ಮ ನಾಡಿನಲ್ಲಿ ಇದಕ್ಕೆ ಬೇರೆ ಸಾಕ್ಷಿಯೇ ಬೇಡ, ಜಾತಿಯ ಹೆಸರೇ ಸಾಕ್ಷಿ. ಮಣ್ಣು ಅಗೆದವರನ್ನು ಮಣ್ಣುವಡ್ಡರು ಅಂದರು, ಕಲ್ಲು ಒಡೆದವರನ್ನು ಕಲ್ಲುವಡ್ಡರು ಅಂದರು. ಇಟ್ಟಿಗೆ ಮಣ್ಣಿನದು, ಬ್ಲಾಕು ಕಲ್ಲಿನದು. ಗೋಡೆ ಯಾವುದರದ್ದೇ ಆಗಲಿ, ಕೆಳಗೆ ನಿಂತವನು ಪರಿಶಿಷ್ಟ ಜಾತಿಯವನೇ. ಜಾತಿ ಅನ್ನುವುದು ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸಗಾರರನ್ನೇ ಹೋಳು ಹೋಳು ಮಾಡಿತು ಅಂತ ಬಾಬಾಸಾಹೇಬರು 1936ರಲ್ಲೇ ಎತ್ತಿ ತೋರಿಸಿದರು. ಮಣ್ಣಿನವರು ಬೇರೆ, ಕಲ್ಲಿನವರು ಬೇರೆ, ಗಾರೆಯವರು ಬೇರೆ ಅಂತ ನಾವು ಇವತ್ತಿಗೂ ಕೂತಿದ್ದೇವೆ. ಮಾಲೀಕರ ಸಂಘದಲ್ಲಿ ಮಾತ್ರ ಇಂಥ ಹೋಳುಗಳಿಲ್ಲ.

ಕ್ರಷರಿನ ಧೂಳು ನೋಡಲು ಹಿಟ್ಟಿನ ಹಾಗಿರುತ್ತದೆ. ಅದರೊಳಗಿನ ಸಿಲಿಕಾ ಕಣ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶವನ್ನು ಗಾಯ ಮಾಡಿ ಕಲ್ಲಾಗಿಸುತ್ತದೆ. ಅದರ ಹೆಸರು ಸಿಲಿಕೋಸಿಸ್. ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ. ಎಷ್ಟೋ ಕಡೆ ಡಾಕ್ಟರುಗಳು ಇದನ್ನು ಕ್ಷಯ ಅಂತ ತಿಳಿದು ಕ್ಷಯದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಕ್ಷಯ ಅಂತ ಬರೆದರೆ ಮಾಲೀಕನ ಜವಾಬ್ದಾರಿ ಇಲ್ಲ, ಬಡತನದ ಕಾಯಿಲೆ ಅಂತ ಮುಗಿಯಿತು. ಸಿಲಿಕೋಸಿಸ್ ಅಂತ ಬರೆದರೆ ಪರಿಹಾರದ ಪ್ರಶ್ನೆ ಏಳುತ್ತದೆ. ಕಲ್ಲು ಒಡೆಯುವಾಗ ನೀರು ಚಿಮುಕಿಸಿದರೆ ಧೂಳು ಬಹಳ ಕಡಿಮೆ ಆಗುತ್ತದೆ. ನೀರಿಗೆ ದುಡ್ಡು ಬೇಕಲ್ಲ! ಶ್ವಾಸಕೋಶ ಬಿಟ್ಟಿ ಸಿಗುತ್ತದೆ.

ಬ್ಲಾಕ್ ಯಾರ್ಡಿಗೆ ಬಂದರೆ ಸಿಮೆಂಟು. ಒದ್ದೆ ಸಿಮೆಂಟು ಕೈ ತಿನ್ನುತ್ತದೆ. ಬೆರಳ ಸಂದು ಬಿರುಕು ಬಿಟ್ಟು ರಕ್ತ ಒಸರುತ್ತದೆ. ಒಂದು ಜೊತೆ ರಬ್ಬರ್ ಕೈಚೀಲ ಕೊಟ್ಟರೆ ನಿಲ್ಲುವ ನೋವು ಇದು.

ಇನ್ನು ತೂಕದ ಲೆಕ್ಕ. 40 ಸೆಂಟಿಮೀಟರ್ ಉದ್ದ, 20 ಅಗಲ, 20 ಎತ್ತರದ ಎಂಟಿಂಚಿನ ಸಾಲಿಡ್ ಬ್ಲಾಕು ಒಂದಕ್ಕೆ 30 ಕೆ.ಜಿ. ಮೇಲೆ, ಸುಮಾರು 33 ಕೆ.ಜಿ. ತೂಕ. ಗೋಡೆಯಲ್ಲಿ ಅದು ಎಂಟು ಇಟ್ಟಿಗೆಯ ಜಾಗ ತುಂಬುತ್ತದೆ. ಮೊದಲು ನಮ್ಮ ಹೆಣ್ಣುಮಗಳು ಸಿಂಬೆಯ ಮೇಲೆ ಹತ್ತು ಇಟ್ಟಿಗೆ ಹೊರುತ್ತಿದ್ದಳು, 30 ಕೆ.ಜಿ. ಈಗ ಒಂದು ಬ್ಲಾಕು, 33 ಕೆ.ಜಿ. ಇಟ್ಟಿಗೆಯಾದರೆ ಸುಸ್ತಾದ ದಿನ ಎರಡು ಇಳಿಸಿ ಎಂಟು ಹೊರಬಹುದಿತ್ತು, ಬಸುರಿಯಾದರೆ ಐದು ಹೊರಬಹುದಿತ್ತು. ಬ್ಲಾಕನ್ನು ಅರ್ಧ ಮಾಡಲು ಬರುವುದಿಲ್ಲ. ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳಲ್ಲಿ ಒಬ್ಬ ಹೆಂಗಸು ಒಬ್ಬಳೇ ಎತ್ತಬಹುದಾದ ತೂಕಕ್ಕೆ ಮಿತಿ ಹಾಕಿದರು. 30 ಕೆ.ಜಿ. ಅಂದರೆ ಎಂಟಿಂಚಿನ ಸಾಲಿಡ್ ಬ್ಲಾಕನ್ನು ಹೆಂಗಸಿನ ತಲೆಯ ಮೇಲೆ ಇಟ್ಟ ಪ್ರತಿಯೊಂದು ಸಲವೂ ಆ ನಿಯಮ ಮುರಿಯಿತು. ದಿನಕ್ಕೆ ಎಷ್ಟು ಸಲ ಮುರಿಯುತ್ತದೆ, ನಿಮ್ಮ ಊರಿನಲ್ಲಿ ಏಳುತ್ತಿರುವ ಯಾವುದಾದರೂ ಕಟ್ಟಡದ ಮುಂದೆ ನಿಂತು ಎಣಿಸಿ.

ಹಗುರ ಬ್ಲಾಕ್ ಬಂದಿದೆಯಲ್ಲ ಅನ್ನಬಹುದು. ಗಾಳಿ ತುಂಬಿ ಆವಿಯಲ್ಲಿ ಬೇಯಿಸಿದ ಆ ಬಿಳಿ ಬ್ಲಾಕು ಹಗುರ ಅನ್ನುವುದು ನಿಜ. ತಲೆಯ ಹೊರೆ ಇಳಿದರೆ ನಮಗೆ ಸಂತೋಷವೇ. ನಾವು ಮೆಷಿನ್ನಿನ ವಿರೋಧಿಗಳಲ್ಲ. ಹೊರುವ ಕೆಲಸ ಮೆಷಿನ್ನಿಗೆ ಹೋಗಲಿ. ಆದರೆ ಗೂಡು ಮುಚ್ಚಿದಾಗ ಭೂಮಿ ಇಲ್ಲದ ಆ ಸಂಸಾರ ಎಲ್ಲಿಗೆ ಹೋಗಬೇಕು ಅಂತ ಯಾರಾದರೂ ಒಂದು ಸಾಲು ಬರೆದಿದ್ದಾರೆಯೇ? 1999ರಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಫಲವತ್ತಾದ ಮೇಲ್ಮಣ್ಣು ಉಳಿಯಬೇಕು, ಅದಕ್ಕೆ ಕಲ್ಲಿದ್ದಲು ವಿದ್ಯುತ್ ಕೇಂದ್ರದ ಸುತ್ತ 50 ಕಿಲೋಮೀಟರ್ ಒಳಗೆ ಇಟ್ಟಿಗೆ ಮಾಡುವವರು ಕಡೇಪಕ್ಷ ನೂರಕ್ಕೆ 25 ಪಾಲು ಹಾರುಬೂದಿ ಸೇರಿಸಬೇಕು ಅಂತ. ಆಮೇಲೆ ಆ ದೂರವನ್ನು ಹಿಗ್ಗಿಸುತ್ತಲೇ ಹೋದರು. ಒಳ್ಳೆಯದೇ. ಮಣ್ಣಿಗೆ ಒಂದು ಕಾನೂನು ಆಯಿತು. ಬೂದಿಗೂ ಒಂದು ಗತಿ ಕಾಣಿಸಿದರು. ಮಣ್ಣು ತುಳಿದ ಕಾಲಿಗೆ?

ಮಣ್ಣಿನ ಮನೆ ಉಪದೇಶಕರಿಗೆ ಒಂದು ಮಾತು

ಪಟ್ಟಣದಲ್ಲಿ ಇನ್ನೊಂದು ಗುಂಪಿದೆ. ಇವರು ಇಟ್ಟಿಗೆಯೂ ಬೇಡ, ಬ್ಲಾಕೂ ಬೇಡ, ಮಣ್ಣಿನ ಮನೆ ತಂಪು, ನಿಮ್ಮ ಜನ ಯಾಕೆ ಕಾಂಕ್ರೀಟಿನ ಹಿಂದೆ ಬೀಳುತ್ತೀರಿ ಅಂತ ನಮಗೆ ಬುದ್ಧಿ ಹೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಹಳ್ಳಿಗಾಗಿಯೇ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತುವ ಬ್ಲಾಕನ್ನು ಅಭಿವೃದ್ಧಿ ಮಾಡಿದರು. ಸುಡುವುದು ಬೇಡ, ಕಟ್ಟಿಗೆ ಬೇಡ. ಕೆಲಸ ಒಳ್ಳೆಯದು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಇವತ್ತು ಆ ಬ್ಲಾಕಿನ ಮನೆಗಳು ಎಲ್ಲಿ ಕಾಣುತ್ತವೆ? ಕಾರು ನಿಲ್ಲಿಸುವ ಜಾಗವಿರುವ ಪಟ್ಟಣದ ಬಡಾವಣೆಗಳಲ್ಲಿ, ಚೆಂದಕ್ಕೆ.

ನಮ್ಮ ಜನ ಕಾಂಕ್ರೀಟು ಯಾಕೆ ಕೇಳುತ್ತಾರೆ ಅನ್ನುವುದಕ್ಕೆ ಚರಿತ್ರೆ ಇದೆ. ಅಸ್ಪೃಶ್ಯರು ಹೆಂಚಿನ ಮನೆ ಕಟ್ಟಿದರೆ ಹಳ್ಳಿಯ ಕಟ್ಟಳೆ ಅದನ್ನು ಅಪರಾಧ ಅಂತ ಎಣಿಸುತ್ತಿತ್ತು ಅಂತ ಬಾಬಾಸಾಹೇಬರು ಪಟ್ಟಿ ಮಾಡಿ ಬರೆದಿಟ್ಟಿದ್ದಾರೆ. ಹುಲ್ಲು, ಗರಿ, ಮಣ್ಣು ನಮಗೆ ಇಷ್ಟದ ಸಾಮಾನಾಗಿರಲಿಲ್ಲ, ವಿಧಿಸಿದ ಸಾಮಾನಾಗಿತ್ತು. ಹುಲ್ಲಿನ ಸೂರಿಗೆ ಒಂದು ಬೆಂಕಿಕಡ್ಡಿ ಸಾಕು ಅನ್ನುವುದು ಕೇರಿಗೆ ಗೊತ್ತು. ಆದ್ದರಿಂದ ನಮ್ಮ ತಾಯಂದಿರು ಒಂದು ಆರ್.ಸಿ.ಸಿ. ಸೂರಿಗೆ ಆಸೆ ಪಟ್ಟರೆ ಅದು ಶೋಕಿ ಅಲ್ಲ. ಮಣ್ಣಿನ ಬ್ಲಾಕು ಅಷ್ಟು ಒಳ್ಳೆಯದಾದರೆ ಮೊದಲು ತಹಸೀಲ್ದಾರರ ಕಚೇರಿ ಅದರಲ್ಲಿ ಕಟ್ಟಿ, ಆಮೇಲೆ ಪೊಲೀಸ್ ಠಾಣೆ ಕಟ್ಟಿ, ಆಮೇಲೆ ಕೇರಿಗೆ ಬನ್ನಿ. ಖಂಡಿತ ಕೇಳುತ್ತೇವೆ.

ಮನೆಗಾಗಿಯೇ ಜೀತ

ಈಗ ಎಲ್ಲಕ್ಕಿಂತ ಕಹಿಯಾದ ವಿಷಯ. ಸರ್ಕಾರ ಕೊಡುವ ಮನೆಯೇ ನಮ್ಮವರನ್ನು ಗೂಡಿಗೆ ಅಟ್ಟುತ್ತಿದೆ.

ಮನೆಯ ದುಡ್ಡು ಕಂತಿನಲ್ಲಿ ಬರುತ್ತದೆ. ತಳಪಾಯಕ್ಕೊಂದು, ಲಿಂಟಲ್‌ಗೊಂದು, ಛಾವಣಿಗೊಂದು. ಒಂದು ಹಂತ ಮುಗಿಸಿ ಫೋಟೋ ತೆಗೆಸಿದರೆ ಮುಂದಿನ ಕಂತು. ಗೋಡೆ ಎದ್ದರೆ ದುಡ್ಡು, ದುಡ್ಡಿದ್ದರೆ ಗೋಡೆ. ನಡುವೆ ಬಡವನು ಏನು ಮಾಡಬೇಕು? ಬ್ಲಾಕಿನ ಲೋಡು ಸಾಲಕ್ಕೆ ತರಿಸುತ್ತಾನೆ. ಬಿಲ್ಲು ಆಫೀಸಿನಲ್ಲಿ ಕೊಳೆಯುತ್ತದೆ. ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ಇನ್ನೂ ಬಾಗಿಲೇ ಇಡದ ಮನೆಯ ಬಾಗಿಲಿಗೆ! ಆಗ ಮೇಸ್ತ್ರಿಯ ಮುಂಗಡ ಬಿಟ್ಟರೆ ದಾರಿ ಯಾವುದು? ತನ್ನ ಮನೆಯ 800 ಬ್ಲಾಕಿನ ಸಾಲ ತೀರಿಸಲು ಯಾರದೋ 23 ಮನೆಗೆ ಇಟ್ಟಿಗೆ ಹಾಕಲು ಸಂಸಾರ ಸಮೇತ ಹೊರಡುತ್ತಾನೆ. ಸೂರಿಲ್ಲದ ಗೋಡೆಯೊಳಗೆ ಎಕ್ಕದ ಗಿಡ ಬೆಳೆಯುತ್ತದೆ. "ಫಲಾನುಭವಿ ಮನೆ ಪೂರ್ಣಗೊಳಿಸಿಲ್ಲ" ಅಂತ ಪಂಚಾಯ್ತಿಯವರು ಬರೆಯುತ್ತಾರೆ. ಈ ಜನಕ್ಕೆ ಮನೆ ಕೊಟ್ಟರೂ ಕಟ್ಟಿಕೊಳ್ಳುವ ಯೋಗ್ಯತೆ ಇಲ್ಲ ಅಂತ ಊರಿನವರು ಆಡಿಕೊಳ್ಳುತ್ತಾರೆ.

ಎದ್ದ ಗೋಡೆ ಯಾರ ಕಡೆಗೆ?

ಮನೆ ಕಟ್ಟುವ ತನಕ ನಮ್ಮ ಕೂಲಿ ಎಲ್ಲಾ ಕೋಣೆಗೂ ಹೋಗುತ್ತಾನೆ. ಅಡಿಗೆಮನೆಯ ಒಲೆಕಟ್ಟೆ, ದೇವರಮನೆಯ ಗೂಡು ಕೂಡ ಅವನು ಹೊತ್ತ ಸಾಮಾನಿನದೇ. ಗೃಹಪ್ರವೇಶದ ದಿನ ಪುರೋಹಿತರು ನೀರು ಚಿಮುಕಿಸುತ್ತಾರೆ. ಅಲ್ಲಿಂದಾಚೆಗೆ ಅವನಿಗೆ ಅಂಗಳವೇ ಗಡಿ. ಒಂದು ದಿನದ ಹಿಂದೆ ಇಲ್ಲದ ಮೈಲಿಗೆ ಒಂದು ತಂಬಿಗೆ ನೀರಿನಿಂದ ಹುಟ್ಟುತ್ತದೆ.

ಜಾತಿ ಅನ್ನುವುದು ಕೆಡವಿಹಾಕಬಹುದಾದ ಇಟ್ಟಿಗೆ ಗೋಡೆಯಂಥದಲ್ಲ, ಅದು ಮನಸ್ಸಿನೊಳಗಿನದು ಅಂತ ಬಾಬಾಸಾಹೇಬರು ಜಾತಿವಿನಾಶದ ಭಾಷಣದಲ್ಲಿ ವಿವರಿಸಿದರು. ಈ ದೇಶದ ಜಾತಿವಾದಿಗಳು ಮನಸ್ಸಿನ ಗೋಡೆ ಸಾಲದು ಅಂತ ನಿಜವಾದ ಗೋಡೆಯನ್ನೂ ಕಟ್ಟಿದರು. ತಮಿಳುನಾಡಿನ ಮಧುರೆ ಜಿಲ್ಲೆಯ ಉತ್ತಪುರದಲ್ಲಿ ದಲಿತರ ಕೇರಿಗೆ ಅಡ್ಡವಾಗಿ 1989ರಲ್ಲಿ ಎದ್ದ ಗೋಡೆಯ ಒಂದು ಭಾಗ ಒಡೆಯಲು 2008ರ ಮೇ 6ರ ತನಕ ಕಾಯಬೇಕಾಯಿತು. ಅದೇ ರಾಜ್ಯದ ಮೆಟ್ಟುಪಾಳ್ಯದ ಹತ್ತಿರ ನಡೂರಿನಲ್ಲಿ 2019ರ ಡಿಸೆಂಬರ್ 2ರ ಬೆಳಗಿನ ಜಾವ ಒಂದು ಎತ್ತರದ ಕಾಂಪೌಂಡು ಗೋಡೆ ಮಳೆಗೆ ಕುಸಿದು ಪಕ್ಕದ ದಲಿತರ ಮನೆಗಳ ಮೇಲೆ ಬಿತ್ತು. 17 ಜನ ಮಲಗಿದ್ದಲ್ಲೇ ಸತ್ತರು. ಗೋಡೆ ಎಬ್ಬಿಸುವ ದುಡಿಮೆ ನಮ್ಮದು, ಗೋಡೆ ಎಲ್ಲಿ ಏಳಬೇಕು ಅನ್ನುವ ಮಾತು ನಮ್ಮದಲ್ಲ. ಸಮಸ್ಯೆಯ ಬುಡ ಇಲ್ಲಿದೆ.

ನಮ್ಮವರಿಗೆ

ಹೊರಗಿನವರನ್ನು ಬೈದು ಸುಮ್ಮನಾದರೆ ಸಾಲದು. ಗೂಡಿಗೆ ಜನ ಹೊಂದಿಸುವ ಮೇಸ್ತ್ರಿ ಎಷ್ಟೋ ಸಲ ನಮ್ಮ ಕೇರಿಯವನೇ. ಅವನಿಗೂ ಮಾಲೀಕನ ಹತ್ತಿರ ಸಾಲವಿರುತ್ತದೆ ಅನ್ನುವುದು ಗೊತ್ತು. ಆದರೂ ತನ್ನ ಕುತ್ತಿಗೆಯ ಹಗ್ಗ ಬಿಚ್ಚಿಕೊಳ್ಳಲು ಇನ್ನೊಬ್ಬರ ಕುತ್ತಿಗೆಗೆ ಹಾಕುವುದನ್ನು ನಾವು ಒಪ್ಪಲಾರೆವು. ಅಂಥವನು ಸಭೆಗೆ ಚಂದಾ ಕೊಟ್ಟ ಅಂತ ವೇದಿಕೆ ಮೇಲೆ ಕೂರಿಸಬೇಡಿ.

ಪಟ್ಟಣದಲ್ಲಿ ಮನೆ ಕಟ್ಟಿಸುತ್ತಿರುವ ನೌಕರ ಬಂಧುಗಳೇ, ಟೈಲ್ಸಿನ ಬಣ್ಣ ಕೇಳುವ ನೀವು ನಿಮ್ಮ ಕಂಟ್ರಾಕ್ಟರನಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಈ ಬ್ಲಾಕು ಎಲ್ಲಿಂದ ಬಂತು, ಅಲ್ಲಿ ಕೂಲಿ ಪುಸ್ತಕ ಇದೆಯಾ?

ಇನ್ನು ಅಂಬೇಡ್ಕರ್ ಭವನಗಳು. ತಾಲ್ಲೂಕಿಗೊಂದು, ಹೋಬಳಿಗೊಂದು ಏಳುತ್ತಿವೆ. ಶಂಕುಸ್ಥಾಪನೆಗೆ ನಾವೇ ಡೋಲು ಬಡಿಯುತ್ತೇವೆ. ಸಂವಿಧಾನಕ್ಕೆ 23ನೇ ವಿಧಿ ಬರೆಸಿದ ಮಹಾನುಭಾವನ ಹೆಸರಿನ ಭವನದ ಗೋಡೆಯಲ್ಲಿ ಮುಂಗಡದ ಇಟ್ಟಿಗೆ ಇದ್ದರೆ, ಮಗು ಮಗುಚಿದ ಇಟ್ಟಿಗೆ ಇದ್ದರೆ, ಆ ಭವನದೊಳಗೆ ಹಾರ ಹಾಕಿ ಭಾಷಣ ಮಾಡಲು ನಮಗೆ ಯಾವ ಬಾಯಿ ಇದೆ? ಹೋರಾಟ ಇಲ್ಲಿಂದಲೇ ಶುರುವಾಗಲಿ. ಇದು ನಮ್ಮ ದುಡ್ಡಿನ, ನಮ್ಮ ಹೆಸರಿನ ಕಟ್ಟಡ. ಇಲ್ಲಿ ನಾವು ಕೇಳಿದರೆ ಇಲ್ಲ ಅನ್ನಲು ಯಾವ ಅಧಿಕಾರಿಗೂ ಆಗುವುದಿಲ್ಲ.

ನಮ್ಮ ಹಕ್ಕೊತ್ತಾಯ:

1. ಅಂಬೇಡ್ಕರ್ ಭವನ, ವಸತಿ ಶಾಲೆ, ಸರ್ಕಾರಿ ಮನೆ, ಇವು ಯಾವುದಕ್ಕೂ ಕೂಲಿ ಪುಸ್ತಕ ಇಲ್ಲದ ಗೂಡಿನ, ಯಾರ್ಡಿನ, ಕ್ರಷರಿನ ಒಂದು ಇಟ್ಟಿಗೆ, ಒಂದು ಬ್ಲಾಕು, ಒಂದು ಬಾಂಡ್ಲಿ ಜಲ್ಲಿಯನ್ನೂ ಕೊಳ್ಳಬಾರದು. ಬಿಲ್ಲಿನ ಜೊತೆ ಕೂಲಿ ಪುಸ್ತಕದ ನಕಲು ಲಗತ್ತಿಸಬೇಕು.

2. ಜೋಡಿ ಲೆಕ್ಕ ರದ್ದಾಗಬೇಕು. ಹೆಂಗಸಿನ ಹೆಸರು ಪುಸ್ತಕದಲ್ಲಿ ಬೇರೆ, ಕೂಲಿ ಅವಳ ಖಾತೆಗೆ ಬೇರೆ. ಇಟ್ಟಿಗೆಯನ್ನು ಹಾಕಿದ ದಿನವೇ ಎಣಿಸಬೇಕು. ಮಳೆಯ ನಷ್ಟ ಮಾಲೀಕನದು.

3. 1976ರ ಕಾಯಿದೆಯ 13ನೇ ಕಲಂ ಪ್ರಕಾರದ ಜಾಗೃತಿ ಸಮಿತಿಗಳು ಹಂಗಾಮಿನಲ್ಲಿ ಪ್ರತಿ ತಿಂಗಳು ಗೂಡು ಕ್ವಾರಿಗಳಿಗೆ ಹೋಗಬೇಕು. ಬಿಡುಗಡೆ ಪತ್ರ ಕೊಡಲು ತಡ ಮಾಡಬಾರದು. ಪುನರ್ವಸತಿ ದುಡ್ಡಿಗೂ ಮಾಲೀಕನ ಶಿಕ್ಷೆಗೂ ಹಾಕಿದ ಗಂಟು ಬಿಚ್ಚಬೇಕು.

4. 30 ಕೆ.ಜಿ. ಮೀರಿದ ಬ್ಲಾಕನ್ನು ಹೆಂಗಸರಿಂದ ಹೊರಿಸುವುದು ನಿಲ್ಲಬೇಕು. ಕ್ರಷರಿನಲ್ಲಿ ನೀರು ಚಿಮುಕಿಸಬೇಕು. ಕೂಲಿಗಳಿಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಬೇಕು.

5. ಮನೆಯ ಕಂತನ್ನು ಹಂತ ಮುಗಿದ ಮೇಲಲ್ಲ, ಹಂತ ಶುರುವಾಗುವ ಮೊದಲು ಕೊಡಬೇಕು. ಗೂಡು ಬಿಟ್ಟುಬಂದ ಸಂಸಾರಗಳ ಸಹಕಾರ ಸಂಘಗಳಿಗೆ ಸರ್ಕಾರಿ ಜಾಗ, ಬ್ಲಾಕ್ ಮೆಷಿನ್ ಕೊಟ್ಟು, ಸರ್ಕಾರಿ ಮನೆಗಳ ಬ್ಲಾಕನ್ನು ಅವರಿಂದಲೇ ಕೊಳ್ಳಬೇಕು.

6. ಗೂಡಿನ ಮಗು ಅಚ್ಚಿನ ಹತ್ತಿರ ಅಲ್ಲ, ಸ್ಲೇಟಿನ ಹತ್ತಿರ ಇರಬೇಕು. ಗೂಡು ಇರುವಲ್ಲಿ ಟೆಂಟ್ ಶಾಲೆ ಇರಲೇಬೇಕು.

ಇವೆಲ್ಲ ಅರ್ಜಿ ಬರೆದು ಕೂತರೆ ಸಿಗುವುದಿಲ್ಲ. ಪ್ರತಿ ಶಾಖೆಯವರೂ ತಮ್ಮ ಊರಿನ ಸುತ್ತ ಇರುವ ಗೂಡು, ಯಾರ್ಡು, ಕ್ರಷರುಗಳ ಪಟ್ಟಿ ಮಾಡಿ. ಅಲ್ಲಿ ಯಾವ ಊರಿನವರು, ಎಷ್ಟು ಜನ, ಎಷ್ಟು ಮುಂಗಡಕ್ಕೆ ಬಂದಿದ್ದಾರೆ ಕೇಳಿ ಬರೆಯಿರಿ. ಒರಿಯಾ ಮಾತಾಡಲಿ, ತೆಲುಗು ಮಾತಾಡಲಿ, ಅವರು ನಮ್ಮವರು. ಊರಿನಲ್ಲಿ ಏಳುತ್ತಿರುವ ಅಂಬೇಡ್ಕರ್ ಭವನದ ಮುಂದೆ ನಿಂತು ಮೊದಲ ಲಾರಿ ಬಂದಾಗಲೇ ಕೇಳಿ: ಎಲ್ಲಿ ಕೂಲಿ ಪುಸ್ತಕ? ಪುಸ್ತಕ ಇಲ್ಲದಿದ್ದರೆ ಲಾರಿ ವಾಪಸ್ ಹೋಗಲಿ.

ಗೋಡೆ ಎಬ್ಬಿಸಿದ್ದು ನಮ್ಮ ಕೈ. ಲೆಕ್ಕದ ಪುಸ್ತಕವೂ ನಮ್ಮ ಕೈಗೆ ಬರಲಿ.

ಜೈ ಭೀಮ್.